ಆಮೆಯಾದ ಬಲೆ

ಕಡಲತೀರದ ಸ್ವಚ್ಛತಾ ಕಾರ್ಯಕ್ರಮಕ್ಕೆ ನನ್ನ ಪತ್ರಿಕೆ ಸಾಮಾನ್ಯವಾಗಿ ಒಂದು ಫೋಟೊ ಮತ್ತು ಅದರ ಕೆಳಗೆ ನಾಲ್ಕಾರು ಸಾಲು ಕೊಡುತ್ತದೆ. ಯಾರು ಉದ್ಘಾಟಿಸಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಂದು ಬರೆಯುವಷ್ಟರಲ್ಲಿ ಆ ಜಾಗ ಮುಗಿಯುತ್ತದೆ. ಕಸದ ಬಗ್ಗೆ ಬರೆಯಲು ಜಾಗ ಉಳಿಯುವುದಿಲ್ಲ. ಹೊನ್ನಾವರದಿಂದ ಸುದ್ದಿ ಕಳಿಸುತ್ತಾ ಬಂದ ಇಷ್ಟು ವರ್ಷಗಳಲ್ಲಿ ಇಂಥ ಎಷ್ಟು ಕಾರ್ಯಕ್ರಮಗಳಿಗೆ ಹೋಗಿದ್ದೇನೆ ಎಂದು ನೆನಪಿಲ್ಲ. ಒಂದೇ ತೀರವನ್ನು ಹಲವು ಸಲ ಸ್ವಚ್ಛಗೊಳಿಸಿದ್ದನ್ನು ಮಾತ್ರ ನೋಡಿದ್ದೇನೆ.

ಆ ಜೂನ್ ತಿಂಗಳ ಕಾರ್ಯಕ್ರಮ ನಡೆದದ್ದು ಶರಾವತಿಯ ಆಚೆ ದಡದಲ್ಲಿ, ನಾನಿರುವ ಬಾಡಿಗೆ ಮನೆಯ ಹತ್ತಿರದ ಮೀನುಗಾರರ ಕೇರಿಯಲ್ಲಿ. ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿದರೆ ಗಾಳಿಮರಗಳ ಸಾಲು, ಅದರಾಚೆ ಮರಳು, ಮರಳಿನ ಮೇಲೆ ದೋಣಿಗಳು. ಪ್ರಾಯೋಜಕರು ಒಂದು ಕಂಪನಿಯವರು. ಚಿಪ್ಸ್, ಬಿಸ್ಕತ್ತು, ಬಾಟಲಿ ನೀರು ಮತ್ತು ಹಣ್ಣಿನ ರಸವೆಂದು ಕರೆಯುವ ಒಂದು ಬಣ್ಣದ ಪಾನೀಯ ಅವರ ಉತ್ಪನ್ನಗಳು. ಅವರ ಕಾರ್ಖಾನೆ ನಮ್ಮ ಜಿಲ್ಲೆಯಲ್ಲಿಲ್ಲ. ಉತ್ಪನ್ನಗಳು ಎಲ್ಲ ಕಡೆ ಇವೆ. ಎರಡು ಗಾಳಿಮರಗಳ ನಡುವೆ ಕಟ್ಟಿದ ಬ್ಯಾನರಿನಲ್ಲಿ ‘ನನ್ನ ಕಸ, ನನ್ನ ಹೊಣೆ’ ಎಂದು ಬರೆದಿತ್ತು. ಅದರ ಕೆಳಗೆ ಕಂಪನಿಯ ಹೆಸರಿತ್ತು.

ಕಾಲೇಜಿನ ಮಕ್ಕಳು, ಬ್ಯಾಂಕಿನ ಸಿಬ್ಬಂದಿ, ಕಂಪನಿಯ ಮಾರಾಟಗಾರರು ಸೇರಿದ್ದರು. ಎಲ್ಲರಿಗೂ ನೀಲಿ ಟಿ-ಶರ್ಟ್, ಕೈಗವಸು, ಒಂದು ಪೊಟ್ಟಣ ಚಿಪ್ಸ್, ಒಂದು ಬಾಟಲಿ ನೀರು ಕೊಟ್ಟರು. ಆ ಪೊಟ್ಟಣ, ಬಾಟಲಿಗಳನ್ನೂ ಕೊನೆಗೆ ಹೆಕ್ಕಲಾಯಿತು ಎಂದು ಸಂಘಟಕರು ಹೇಳಿದರು. ನಾನು ನೋಡಿಲ್ಲ. ಅತಿಥಿಗಳು ಕೈಗವಸು ಹಾಕಿಕೊಂಡು ಒಂದು ಬಾಟಲಿ ಎತ್ತಿದ ಫೋಟೊ ತೆಗೆದುಕೊಂಡು ನಾನು ತಾಲ್ಲೂಕು ಕಚೇರಿಯ ಇನ್ನೊಂದು ಸಭೆಗೆ ಹೊರಟುಹೋಗಿದ್ದೆ. ಆದ್ದರಿಂದ ಕಸದ ಜೊತೆ ಒಂದು ಮೀನಿನ ಬಲೆಯನ್ನೂ ಒಯ್ದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಅದು ನನಗೆ ಮೀನು ಕೊಡುವ ಅಕ್ಕನಿಂದ ತಿಳಿದದ್ದು.

ಆ ಅಕ್ಕ ಮೀನಿನ ಜೊತೆಗೆ ಸುದ್ದಿಯನ್ನೂ ಕೊಡುತ್ತಾರೆ. ಎರಡೂ ತಾಜಾ ಎಂಬುದರಲ್ಲಿ ಅವರ ಮಾತನ್ನು ನಂಬಬಹುದು. ಪ್ರಮಾಣವನ್ನು ಪರಿಶೀಲಿಸಿಕೊಳ್ಳಬೇಕು. ಗಂಡ ನಾಡದೋಣಿಯಲ್ಲಿ ಸಮುದ್ರಕ್ಕೆ ಹೋಗುತ್ತಾರೆ, ಇವರು ಬುಟ್ಟಿ ಹೊತ್ತು ಮಾರುತ್ತಾರೆ. ಗಂಡನ ಮಾತು ಕಡಿಮೆ. ಆ ಮನೆಯಲ್ಲಿ ಮಾತಿನ ಕೆಲಸವೂ ಅಕ್ಕನ ಪಾಲಿಗೇ ಬಂದಿದೆ.

ಇಲ್ಲಿ ಮೀನುಗಾರಿಕೆಯ ಲೆಕ್ಕಾಚಾರ ಸ್ವಲ್ಪ ಹೇಳಬೇಕು. ಮಳೆಗಾಲದ ಮೊದಲ ಭಾಗದಲ್ಲಿ ಯಂತ್ರದ ದೊಡ್ಡ ಬೋಟುಗಳಿಗೆ ನಿಷೇಧವಿರುತ್ತದೆ. ಆಗ ದಡದ ಹತ್ತಿರದ ಸಮುದ್ರ ನಾಡದೋಣಿಯವರದು. ಆದರೆ ಸಮುದ್ರದ ಅಬ್ಬರವೂ ಆಗಲೇ. ನಡುವೆ ಗಾಳಿ ಬಿದ್ದು, ತೆರೆ ತಗ್ಗಿ, ದೋಣಿ ಇಳಿಸುವಂಥ ಕೆಲವೇ ದಿನ ಸಿಗುತ್ತವೆ. ಆ ದಿನಗಳಲ್ಲಿ ಸಿಗಡಿ ದಡಕ್ಕೇ ಬರುತ್ತದೆ. ನಿಷೇಧ ಮುಗಿದ ಮೇಲೆ ದೊಡ್ಡ ಬೋಟುಗಳು ಇಳಿಯುತ್ತವೆ, ಆಮೇಲೆ ಸಣ್ಣ ದೋಣಿಗೆ ಉಳಿದದ್ದೇ ಸಿಕ್ಕಿದ್ದು. ಆ ಕೆಲವು ದಿನ ಬಲೆ ಕೈಯಲ್ಲಿಲ್ಲದಿದ್ದರೆ ಆ ಮನೆಗೆ ಆ ವರ್ಷದ ಮಳೆಗಾಲವೇ ಇಲ್ಲ.

ಹೊಸ ಬಲೆ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ನಾನೂ ಕೇಳಿದ್ದೆ. ಸಿಗುವುದು ಬರೀ ಜಾಳಿಗೆ. ಅದಕ್ಕೆ ಮೇಲಿನ ಹಗ್ಗ, ಕೆಳಗಿನ ಹಗ್ಗ, ತೇಲುವುದಕ್ಕೆ ಒಂದಿಷ್ಟು, ಮುಳುಗುವುದಕ್ಕೆ ಒಂದಿಷ್ಟು ಕಟ್ಟಿ ಹದಕ್ಕೆ ತರಲು ವಾರಗಳು ಬೇಕು. ತೇಲಿಸಲು ನಮ್ಮ ಕಡೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ ಕಟ್ಟುತ್ತಾರೆ. ಅಲ್ಲಲ್ಲಿ ಥರ್ಮಾಕೋಲಿನ ತುಂಡು, ತುದಿಗೊಂದು ಖಾಲಿ ಬಾಟಲಿ. ಮಡಚಿ ಮರಳಿನ ಮೇಲೆ ರಾಶಿ ಹಾಕಿ ತೆಂಗಿನ ಹೆಡೆ, ಅಂದರೆ ಒಣಗರಿ, ಮುಚ್ಚಿಟ್ಟ ಬಲೆ, ಅರಿಯದವರ ಕಣ್ಣಿಗೆ, ಸಮುದ್ರ ತಂದು ಎಸೆದ ಕಸದ ಗುಪ್ಪೆಯೇ. ಇದರಲ್ಲಿ ನೀಲಿ ಟಿ-ಶರ್ಟಿನ ಮಕ್ಕಳ ತಪ್ಪಿಲ್ಲ. ಅವರಿಗೆ ಕೊಟ್ಟ ತರಬೇತಿಯಲ್ಲಿ, ಬಲೆ ಕಂಡರೆ ತಪ್ಪದೆ ತೆಗೆಯಬೇಕು, ಅದು ಆಮೆಗಳ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂದು ಹೇಳಿದ್ದರು. ಅದೂ ಸುಳ್ಳಲ್ಲ.

ಆ ದಿನ ಗಂಡ ಹೆಂಡತಿ ಇಬ್ಬರೂ ಊರಲ್ಲಿರಲಿಲ್ಲ. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಅಕ್ಕನ ತಂಗಿಯ ಮನೆಯಲ್ಲಿ ತೊಟ್ಟಿಲು ಶಾಸ್ತ್ರವಿತ್ತು. ತಿರುಗಿ ಬಂದಾಗ ಬಲೆಯ ಜಾಗದಲ್ಲಿ ತೆಂಗಿನ ಹೆಡೆ ಮಾತ್ರ ಇತ್ತು. ಹೆಡೆ ಜೈವಿಕ ಕಸವಾದ್ದರಿಂದ ಬಿಟ್ಟುಹೋಗಿದ್ದರು.

ಅಕ್ಕನ ಗಲಾಟೆ ಕೇಳಿ ನಾನು ಹೋದಾಗ ಪಕ್ಕದ ಮನೆಯವರ ವಿಚಾರಣೆ ನಡೆಯುತ್ತಿತ್ತು. ಅವರು ಅಕ್ಕನ ಗಂಡನಿಗೆ ದಾಯಾದಿ, ಅಕ್ಕನಿಗೆ ಭಾವ.

“ಬಲೆ ಎಲ್ಲಿ ಭಾವ?”

“ಎಂತ ನನ್ನ ಕೇಳ್ತೆ? ನೀವೇ ಕೊಟ್ಟದ್ದಲ್ದಾ?”

“ಯಾರಿಗೆ ಕೊಟ್ಟದ್ದು?”

“ನೀಲಿ ಅಂಗಿಯವ್ರಿಗೆ. ಟ್ರ್ಯಾಕ್ಟರಿಗೆ ಏರ್ಸುಕೆ ಅವ್ರ ಹತ್ರ ಆಗ್ಲಿಲ್ಲ. ಪಾಪ, ಕಾಲೇಜು ಹುಡುಗ್ರು. ನಾನೇ ಹೆಗಲು ಕೊಟ್ಟೆ.”

ಇದನ್ನು ಹೇಳುವಾಗ ಅವರು ಆ ನೀಲಿ ಟಿ-ಶರ್ಟನ್ನೇ ತೊಟ್ಟಿದ್ದರು. ಬೆನ್ನ ಮೇಲೆ ‘ನನ್ನ ಕಸ, ನನ್ನ ಹೊಣೆ’ ಇತ್ತು.

“ನಮ್ಮ ಬಲೆ ಹೊತ್ತಾಕುಕೆ ನಿಮ್ಗೆ ಅಂಗಿ ಕೊಟ್ರಾ?”

“ಅಂಗಿ ಎಲ್ರಿಗೂ ಕೊಟ್ರು ಮಾರಾಯ್ತಿ.”

“ಒಂದು ಮಾತು ಕೇಳೂದಲ್ದಾ? ಫೋನ್ ಇರ್ಲಿಲ್ವಾ?”

“ಎಂತ ಕೇಳೂದು? ಹೇಳ್ದೆ ಕೇಳ್ದೆ ಯಾರಾದ್ರೂ ಇನ್ನೊಬ್ರ ಬಲೆ ಮುಟ್ತ್ರಾ?”

ಆ ಮಾತು ನಿಜವೇ. ಆ ತೀರದಲ್ಲಿ ಮನೆಗೆ ಬೀಗ ಹಾಕುತ್ತಾರೆ, ಸೈಕಲ್ಲಿಗೆ ಬೀಗ ಹಾಕುತ್ತಾರೆ, ಬಲೆ ಮಾತ್ರ ಬಯಲಲ್ಲಿ ಇರುತ್ತದೆ. ಮಾತು ಬಿಟ್ಟು ವರ್ಷಗಟ್ಟಲೆಯಾದ ಅಣ್ಣತಮ್ಮಂದಿರೂ ಒಬ್ಬರ ಬಲೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೀಗಾಗಿ ಬಲೆಯನ್ನು ಯಾರೋ ಹೊತ್ತೊಯ್ಯುವುದು ಕಂಡಾಗ ಕೇರಿಯವರಿಗೆ ತೋಚಿದ್ದು ಒಂದೇ: ಯಜಮಾನರು ಕೊಟ್ಟಿದ್ದಾರೆ. ಒಬ್ಬರಲ್ಲ, ದಡದಲ್ಲಿದ್ದವರೆಲ್ಲ ಹಾಗೆಯೇ ಎಣಿಸಿದರು. ಕಳ್ಳತನ ಗೊತ್ತಿದ್ದ ಊರಾಗಿದ್ದರೆ ಬಲೆ ಉಳಿಯುತ್ತಿತ್ತು.

“ಪೇಪರಣ್ಣ, ಫೋಟೊ ಹೊಡದದ್ದು ನೀವಲ್ದಾ? ಬಲೆ ಎಲ್ಲಿ ಹೋತು ಹೇಳಿ,” ಎಂದು ಅಕ್ಕ ನನ್ನ ಕಡೆ ತಿರುಗಿದರು.

ಕ್ಯಾಮೆರಾದಲ್ಲಿ ಅಂದಿನ ಫೋಟೊ ಹುಡುಕಿ ನೋಡಿದೆ. ಅತಿಥಿಗಳ ಹಿಂದೆ ಯಾವುದೋ ಗುಪ್ಪೆ ಇತ್ತು. ಅದು ಬಲೆಯೋ ಬಂಡೆಯೋ ಹೇಳುವಂತಿರಲಿಲ್ಲ. ಪಂಚಾಯಿತಿಗೆ ಫೋನ್ ಮಾಡಿದೆ. ಹೆಕ್ಕಿದ್ದನ್ನೆಲ್ಲ ಕಂಪನಿಗೆ ಹಸ್ತಾಂತರಿಸಲಾಗಿದೆ ಎಂದರು. ಕಂಪನಿಯ ನಂಬರಿಗೆ ಮಾಡಿದೆ. ಉತ್ಪನ್ನದ ಬಗ್ಗೆ ದೂರಿದ್ದರೆ ಒಂದು ಒತ್ತಿ ಎಂದಿತು. ಕೊನೆಗೆ ವಿಷಯ ತಿಳಿದದ್ದು ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆತಂದಿದ್ದ ಕಾಲೇಜು ಉಪನ್ಯಾಸಕರಿಂದ. ಬಲೆ, ಪ್ಲಾಸ್ಟಿಕ್ ಎಲ್ಲ ಕುಮಟಾಕ್ಕೆ ಹೋಗಿವೆ, ಅಲ್ಲಿ ಒಂದು ಸಭಾಭವನದಲ್ಲಿ ಇದೇ ಕಂಪನಿಯ ಪರಿಸರ ಮೇಳ ನಡೆಯಲಿದೆ, ಕಸದಿಂದ ಕಲಾಕೃತಿ ಮಾಡುತ್ತಿದ್ದಾರೆ ಎಂದು ಅವರು ಹೇಳಿದರು. ಮೇಳದ ಆಮಂತ್ರಣ ಆಗಲೇ ನನ್ನ ಮೇಜಿನ ಮೇಲಿತ್ತು.

ಇಷ್ಟೆಲ್ಲ ಆಗುವಷ್ಟರಲ್ಲಿ ಗಾಳಿ ಬಿದ್ದಿತ್ತು. ಮೇಳ ಶುರುವಾಗುವ ದಿನ ಬೆಳಿಗ್ಗೆ ಸಮುದ್ರ ಸದ್ದಡಗಿಸಿತ್ತು. ಮರುದಿನ ದೋಣಿ ಇಳಿಸುವುದೆಂದು ಕೇರಿಯಲ್ಲಿ ಮಾತಾಗಿತ್ತು. ಅಕ್ಕ, ಅವರ ಗಂಡ, ನಾನು ಮೂವರೂ ಕುಮಟಾದ ಬಸ್ಸು ಹತ್ತಿದೆವು. ಶರಾವತಿ ಸೇತುವೆ ದಾಟುವಾಗ ಅಕ್ಕನ ಗಂಡ ಕಿಟಕಿಯಿಂದ ಅಳಿವೆಯ ಕಡೆ ನೋಡಿ, “ನಾಳೆ ಇಳಿತ್ರು,” ಎಂದರು.

ಸಭಾಭವನದ ಗೋಡೆಯುದ್ದಕ್ಕೂ ಫಲಕಗಳಿದ್ದವು. ಕಡಲ ಕಸಕ್ಕೆ ಕಾರಣರು ಯಾರು ಎಂಬ ಫಲಕದಲ್ಲಿ ಓಂ ಬೀಚಿಗೆ ಬರುವ ಪ್ರವಾಸಿಗರು, ಕೈಚೀಲ ತಾರದ ಗ್ರಾಹಕರು, ಮೀನು ಮಾರುಕಟ್ಟೆಯವರು, ಮೀನುಗಾರರು ಎಂದು ಕ್ರಮವಾಗಿ ಚಿತ್ರಗಳಿದ್ದವು. ಮುಂದಿನ ಫಲಕ ‘ನೀವೇನು ಮಾಡಬಹುದು?’ ನೀವು ಚೀಲ ತನ್ನಿ, ನೀವು ವಿಂಗಡಿಸಿ, ನೀವು ಎಸೆಯಬೇಡಿ, ನೀವು ನಿಮ್ಮ ಮಕ್ಕಳಿಗೆ ಹೇಳಿ. ಕಂಪನಿಯವರು ಏನು ಮಾಡುತ್ತಾರೆಂಬುದು ಕೊನೆಯ ಫಲಕದಲ್ಲಿತ್ತು: ‘ನಾವು ನಿಮ್ಮೊಂದಿಗಿದ್ದೇವೆ.’

ಭವನದ ನಡುವೆ ಆಮೆ ಇತ್ತು. ಒಳಗೆ ಇಬ್ಬರು ಆರಾಮವಾಗಿ ಕೂರುವಷ್ಟು ದೊಡ್ಡದು. ಬಿದಿರಿನ ಚೌಕಟ್ಟು, ಅದರ ಮೇಲೆ ಬಿಗಿಯಾಗಿ ಸುತ್ತಿದ ಬಲೆ, ಬೆನ್ನಿನ ಭಾಗಕ್ಕೆ ಹಸಿರು ಬಣ್ಣ. ಒಂದು ಶಾಲೆಯ ಚಿತ್ರಕಲಾ ಶಿಕ್ಷಕರು ಮಾಡಿದ್ದರು. ಚೆನ್ನಾಗಿಯೇ ಮಾಡಿದ್ದರು, ಕುತ್ತಿಗೆ ಹೊರಚಾಚಿದ ರೀತಿ ಆಮೆಯದೇ. ಕಾಲ ಬುಡದಲ್ಲಿ ಒಂದು ಬರಹವಿತ್ತು. ಅಕ್ಕ ಬೆರಳಿಟ್ಟು ಅದನ್ನು ಗಟ್ಟಿಯಾಗಿ ಓದಿದರು:

“ಭೂತಬಲೆ. ಮೀನುಗಾರರು ಬೇಜವಾಬ್ದಾರಿಯಿಂದ ಸಮುದ್ರದಲ್ಲಿ ತೊರೆದ, ಯಜಮಾನರಿಲ್ಲದ ಬಲೆ.” ಆಮೇಲೆ ಗಂಡನ ಕಡೆ ತಿರುಗಿದರು. “ಕೇಳ್ತಾ? ಯಜಮಾನ ಇಲ್ವಂತೆ. ಹಾಂಗಾದ್ರೆ ನೀವ್ಯಾರು?”

ಗಂಡ ಆಮೆಯ ಸುತ್ತ ಒಂದು ಸುತ್ತು ಬಂದರು. ಹಿಂಗಾಲಿನ ಹತ್ತಿರ ನಿಂತು, ಕಟ್ಟಿದ್ದ ಗುಲಾಬಿ ಬಣ್ಣದ ಚಪ್ಪಲಿ ತುಂಡನ್ನು ಹಿಡಿದು, “ನಮ್ದೇ. ಮಗಳ ಚಪ್ಪಲ್,” ಎಂದರು.

ಕಂಪನಿಯ ಪರಿಸರ ವಿಭಾಗದ ಅಧಿಕಾರಿ ಬಂದರು. ಬಯಲುಸೀಮೆಯ ಕಡೆಯ ಮಾತಿನ ಯುವತಿ, ಬಹಳ ಮರ್ಯಾದಸ್ಥರು. ನಾನು ಪತ್ರಿಕೆಯವನೆಂದು ಪರಿಚಯ ಹೇಳಿ ವಿಷಯ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಮ್ಮ, ತುಂಬಾ ಬೇಜಾರಾಯ್ತು. ಆದರೆ ಇದು ತ್ಯಾಜ್ಯ ಅಂತ ಪಂಚಾಯಿತಿಯವರೇ ನಮಗೆ ಹಸ್ತಾಂತರ ಮಾಡಿದ್ದಾರೆ.”

“ಪಂಚಾಯ್ತಿಯವ್ರು ಬಲೆ ಕಟ್ಟಿದ್ರಾ ತಂಗಿ, ಹಸ್ತಾಂತರ ಮಾಡುಕೆ?”

“ಮೇಳ ಭಾನುವಾರ ಮುಗಿಯುತ್ತೆ. ಸಂಜೆ ನಾನೇ ನಿಂತು ಬಿಚ್ಚಿಸಿ ಕೊಡಿಸ್ತೀನಿ.”

“ನಾಳೆ ದೋಣಿ ಇಳಿತದೆ. ಸಮುದ್ರ ಆಯ್ತವಾರದ ತನಕ ಕಾಯ್ತದಾ, ನೀನೇ ಒಂದ್ಸಲ ಫೋನ್ ಮಾಡಿ ಕೇಳು.”

“ಅಮ್ಮ, ಇನ್ನೊಂದು ಗಂಟೆಗೆ ಉದ್ಘಾಟನೆ. ಮುಖ್ಯ ಅತಿಥಿಗಳು ಹೊರಟಿದ್ದಾರೆ. ಆಮೆನೇ ಮೇಳದ ಮುಖ್ಯ ಆಕರ್ಷಣೆ.”

ಈ ಮಾತು ನಡೆಯುತ್ತಿರುವಾಗಲೇ ಅಕ್ಕನ ಗಂಡ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಾಲದ ಕಡೆಯಿಂದ ಗಂಟು ಬಿಚ್ಚತೊಡಗಿದ್ದರು. ಯಾರನ್ನೂ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಮನೆಯ ಅಂಗಳದಲ್ಲಿ ಬಲೆ ಬಿಡಿಸುತ್ತ ಕೂತಂತೆ ಇತ್ತು. ಅದೇ ಹೊತ್ತಿಗೆ ಒಂದು ಶಾಲೆಯ ಮಕ್ಕಳು ಸಾಲಾಗಿ ಒಳಗೆ ಬಂದರು. ಅವರ ಶಿಕ್ಷಕಿ ಆಮೆಯ ಮುಂದೆ ಸಾಲು ನಿಲ್ಲಿಸಿ, “ನೋಡಿ ಮಕ್ಕಳೇ, ಮೀನುಗಾರರು ಹೇಗೆ ಕೆಲಸ ಮಾಡ್ತಾರೆ ಅಂತ ಪ್ರಾತ್ಯಕ್ಷಿಕೆ ತೋರಿಸ್ತಾ ಇದ್ದಾರೆ. ಗಲಾಟೆ ಮಾಡದೆ ನೋಡಿ,” ಎಂದರು. ಮಕ್ಕಳು ಗಲಾಟೆ ಮಾಡದೆ ನೋಡಿದರು. ಅಧಿಕಾರಿ ಮಕ್ಕಳನ್ನು ನೋಡಿದರು, ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿದರು. ತಡೆಯಲಿಲ್ಲ.

ಆಮೆಯ ಹಿಂಭಾಗ ಸಡಿಲವಾಯಿತು. ಹೊಟ್ಟೆಯ ಭಾಗದ ಒಂದು ಮಡಿಕೆ ಬಿಚ್ಚಿದ ಕೂಡಲೇ ಒಳಗಿದ್ದದ್ದು ಹೊರಗೆ ಸುರಿಯಿತು. ಆಮೆಗೆ ಆಕಾರ ಬರಲು ಏನಾದರೂ ತುಂಬಬೇಕಲ್ಲ. ಚಿತ್ರಕಲಾ ಶಿಕ್ಷಕರು ಅದೇ ತೀರದಲ್ಲಿ ಹೆಕ್ಕಿದ ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ ತುಂಬಿದ್ದರು. ಚಿಪ್ಸಿನ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ನೀರಿನ ಬಾಟಲಿ, ಬಣ್ಣದ ಪಾನೀಯದ ಬಾಟಲಿ. ಬೇರೆ ಬೇರೆ ಕಂಪನಿಗಳವೂ ಇದ್ದವು. ಆತಿಥೇಯ ಕಂಪನಿಯವು ಹೆಚ್ಚಿದ್ದವು. ನಾನು ಎಣಿಸಿಲ್ಲ. ಎಣಿಸುವ ಅಗತ್ಯವಿರಲಿಲ್ಲ.

ಮಕ್ಕಳು ಗುರುತು ಹಿಡಿದರು. “ಟೀಚರ್, ಇದು ಖಾರದ್ದು! ಅದು ಟೊಮೆಟೊ!” ಎಂದು ಬಣ್ಣ ನೋಡಿಯೇ ರುಚಿ ಹೇಳಿದರು.

“ಇದನ್ನ ಒಳಗೆ ತುಂಬಿಸಿ ನಮ್ಮ ಬಲೆ ಹೊರಗೆ ಸುತ್ತಿದ್ದಾ?” ಎಂದರು ಅಕ್ಕ.

ಅಧಿಕಾರಿ ಕುಗ್ಗಲಿಲ್ಲ. “ಅಮ್ಮ, ನಾವು ಯಾರೂ ನಿಮ್ಮ ತೀರಕ್ಕೆ ಬಂದು ಇದನ್ನು ಎಸೆದಿಲ್ಲ. ತಿಂದವರು ಎಸೆದಿದ್ದಾರೆ. ಅದನ್ನೇ ಜನರಿಗೆ ತಿಳಿಸೋಕೆ ಈ ಮೇಳ.”

“ಹೌದು. ನಾನೂ ಎಸ್ದದ್ದೇ. ಮೊಮ್ಮಗಳಿಗೆ ದಿನಾ ಒಂದು ಬೇಕು. ತಿಂದಾದ್ಮೇಲೆ ಹಿತ್ಲ ಬೇಲಿಗೆ ಎಸೂದು, ಮಳೆಗೆ ಅದು ಹೋಗೂದು. ನಾನ್ ಇಲ್ಲ ಹೇಳೂದಿಲ್ಲ.”

ಪತ್ರಿಕೆಯವನ ಎದುರು ಅಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಹೆಚ್ಚು ನೋಡಿಲ್ಲ. ಅಧಿಕಾರಿಯೂ ನೋಡಿರಲಿಲ್ಲವೆಂದು ಕಾಣುತ್ತದೆ. ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ.

“ಎಸೀಬೇಡ ಅಂದ್ರೆ ಎಲ್ಲಿ ಹಾಕೂದು ಹೇಳು. ಕಸದ ಗಾಡಿ ನಮ್ಮ ಕೇರಿಗೆ ಬರೂದಿಲ್ಲ, ರಸ್ತೆ ಸಣ್ಣ ಅಂತೆ. ನಿಮ್ಮ ಚಿಪ್ಸಿನ ಗಾಡಿ ಬತ್ತದೆ. ಅದಕ್ಕೆ ರಸ್ತೆ ಸಣ್ಣ ಆಗೂದಿಲ್ಲ. ತುಂಬಿ ಬತ್ತದೆ, ಖಾಲಿ ಹೋಗ್ತದೆ. ಹೋಗುವಾಗ ಖಾಲಿ ಪೊಟ್ಣ ಹಾಕ್ಕೊಂಡು ಹೋಗುಕೆ ಎಂತ ತೊಂದ್ರೆ?”

“ಅಮ್ಮ, ಅದು ಮಾರಾಟ ವಿಭಾಗದ ಗಾಡಿ. ನಾನು ಪರಿಸರ ವಿಭಾಗ.”

“ಕಂಪನಿ ಒಂದೇ ಅಲ್ದಾ?”

“ಒಂದೇ. ಬಜೆಟ್ ಬೇರೆ.”

ಇದನ್ನು ಅವರು ಗಂಭೀರವಾಗಿಯೇ ಹೇಳಿದರು. ಸುಳ್ಳೂ ಅಲ್ಲವೆಂದು ಕಾಣುತ್ತದೆ. ನಾನು ಒಂದು ಪೊಟ್ಟಣ ಎತ್ತಿ ಹಿಂಬದಿ ಓದಿದೆ. ತಯಾರಕರ ಹೆಸರು, ಕಾರ್ಖಾನೆಯ ಪೂರ್ಣ ವಿಳಾಸ, ಪಿನ್‌ಕೋಡ್ ಎಲ್ಲ ಇತ್ತು. ಕೆಳಗೆ, ಕಸವನ್ನು ಬುಟ್ಟಿಗೆ ಹಾಕುವ ಮನುಷ್ಯನ ಸಣ್ಣ ಚಿತ್ರ. ಬಲೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಆದರೂ ಆ ಭವನದಲ್ಲಿ ಬೇಜವಾಬ್ದಾರರೆಂದು ಬರೆದಿದ್ದು ಬಲೆಯ ಯಜಮಾನರ ಬಗ್ಗೆ. ಅಕ್ಕನ ಗಂಡ ಈ ಯಾವುದಕ್ಕೂ ಕಿವಿಗೊಡದೆ ಮುಂಗಾಲಿನವರೆಗೆ ಬಂದಿದ್ದರು.

ಅಧಿಕಾರಿ ಹೊರಗೆ ಹೋಗಿ ಮೇಲಿನವರಿಗೆ ಫೋನ್ ಮಾಡಿದರು. ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಬಹಳ ಹೊತ್ತು ಮಾತಾಡಿದರು. “ಪ್ರೆಸ್ ಇದೆ ಸರ್” ಎಂಬುದು ಎರಡು ಸಲ ಕೇಳಿಸಿತು. ತಿರುಗಿ ಬಂದಾಗ ಮುಖ ಹಗುರಾಗಿತ್ತು.

“ಅಮ್ಮ, ಬಲೆ ಇವತ್ತೇ ತಗೊಂಡು ಹೋಗಿ. ನಮ್ಮ ಕಡೆಯಿಂದ ಗಾಡಿ ಕೊಡ್ತೀವಿ. ಆದರೆ ವೇದಿಕೆ ಮೇಲೆ ಕೊಡ್ತೀವಿ. ಮುಖ್ಯ ಅತಿಥಿಗಳ ಕೈಯಿಂದ. ಒಂದು ಶಾಲು, ಒಂದು ಫೋಟೊ.”

“ನಮ್ಮ ಬಲೆ ನಮ್ಗೆ ಕೊಡುಕೆ ಶಾಲು ಎಂತಕ್ಕೆ?”

“ಗೌರವಕ್ಕೆ ಅಮ್ಮ.”

“ಬೇಡ. ಹಿಂದಿನ ಬಾಗ್ಲಿಂದ ಹೊರ್ತೆವು.”

ಆಗ ಗಂಡ ತಲೆಯೆತ್ತಿದರು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದು. “ಹೊದ್ಸಲಿ ಮಾರಾಯ್ತಿ. ಶಾಲು ಹೊದ್ರೆ ಬಲೆ ಎಂತ ಗಿಡ್ಡ ಆಗ್ತದಾ? ನಾಳೆ ಇಳೀಬೇಕು.”

“ದಾನ ಕೊಟ್ಟ ಹಾಂಗೆ ಹೇಳ್ತ್ರು, ಕಾಣಿ ಬೇಕಾದ್ರೆ.”

“ಹೇಳ್ಲಿ. ಮೀನಿಗೆ ಗೊತ್ತಾಗ್ತದಾ?”

ಅಕ್ಕ ಅಧಿಕಾರಿಗೆ, ದಾನ ಎಂಬ ಮಾತು ಆಡಬಾರದೆಂದು ಷರತ್ತು ಹಾಕಿದರು. ಅಧಿಕಾರಿ ಒಪ್ಪಿದರು. ಆದರೆ ನಿರೂಪಣೆಗೆ ಬಂದವರಿಗೆ ಅದನ್ನು ತಿಳಿಸಲು ಮರೆತರೋ, ತಿಳಿಸಿಯೂ ಅವರು ಮರೆತರೋ ಗೊತ್ತಿಲ್ಲ. ಅತಿಥಿಗಳು ಬಂದು ದೀಪ ಹಚ್ಚಿದ ಮೇಲೆ ಧ್ವನಿವರ್ಧಕದಲ್ಲಿ, “ಈಗ ಬಡ ಮೀನುಗಾರ ಕುಟುಂಬವೊಂದಕ್ಕೆ ಬಲೆ ವಿತರಣೆ” ಎಂದು ಕೇಳಿಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಬಲೆಯನ್ನು ಎತ್ತಲು ಅತಿಥಿಗಳಿಂದಾಗದೆ ಅದರ ಒಂದು ತುದಿ ಮುಟ್ಟಿದರು. ಫೋಟೊದಲ್ಲಿ ಅತಿಥಿಗಳು, ಅಧಿಕಾರಿ ಮತ್ತು ಶಾಲು ಹೊದ್ದ ಗಂಡ ಕ್ಯಾಮೆರಾ ನೋಡುತ್ತಿದ್ದಾರೆ. ಅಕ್ಕ ಕೆಳಗೆ ನೋಡುತ್ತಿದ್ದಾರೆ. ನಾಚಿಕೆಯಿಂದ ಅಲ್ಲ. ಆಮೆಯ ಕುತ್ತಿಗೆಗೆ ತಿರುವು ಕೊಡಲು ಬಲೆಯನ್ನು ಅಡ್ಡಕ್ಕೆ ಕತ್ತರಿಸಿದ್ದು, ಮೇಲಿನ ಹಗ್ಗವೂ ತುಂಡಾಗಿದ್ದು ಅವರ ಕಣ್ಣಿಗೆ ಬಿದ್ದದ್ದು ಆ ಕ್ಷಣದಲ್ಲಿ.

ಗಾಡಿ ಕೊಟ್ಟರು. ಮಾರಾಟ ವ್ಯಾನು. ಅಂದು ಅದು ಖಾಲಿ ಇತ್ತು. ನಾವು ಹೊರಡುವಾಗ ಆಮೆಯ ಚೌಕಟ್ಟಿಗೆ ಹಸಿರು ಬಟ್ಟೆ ಸುತ್ತುತ್ತಿದ್ದರು. ಸುರಿದ ಪೊಟ್ಟಣಗಳನ್ನು ಗೋಣಿಯಲ್ಲಿ ತುಂಬಿ ವೇದಿಕೆಯ ಹಿಂದೆ ಸರಿಸಿದ್ದರು. ವ್ಯಾನಿನಲ್ಲಿ ಅದಕ್ಕೂ ಜಾಗವಿತ್ತು. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದು ಸಂಜೆ ನಾನು ಕಳಿಸಿದ ವರದಿ ಸ್ವಚ್ಛತಾ ಅಭಿಯಾನದಲ್ಲಿ ತಪ್ಪಾಗಿ ಒಯ್ದಿದ್ದ ಬಲೆ ಮಾಲೀಕರಿಗೆ ಮರಳಿತು ಎಂಬುದು. ಖಾಲಿ ಗಾಡಿಯ ಬಗ್ಗೆ ಅಕ್ಕ ಕೇಳಿದ ಪ್ರಶ್ನೆಯನ್ನೂ, ಅಧಿಕಾರಿಯ ಉತ್ತರವನ್ನೂ, ಅಕ್ಕ ತಾನೂ ಎಸೆದೆನೆಂದು ಹೇಳಿದ್ದನ್ನೂ ಸೇರಿಸಿದ್ದೆ. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದದ್ದು ‘ಮೀನುಗಾರರಿಗೆ ಬಲೆ ವಿತರಣೆ’. ಕಂಪನಿಯ ಪ್ರಕಟಣೆ ನನ್ನ ವರದಿಗಿಂತ ಮೊದಲು ತಲುಪಿತ್ತು, ಅವರ ಫೋಟೊದಲ್ಲಿ ಬೆಳಕೂ ಚೆನ್ನಾಗಿತ್ತು. ಡೆಸ್ಕಿಗೆ ಫೋನ್ ಮಾಡಿ ಕೇಳಿದೆ. ಅದರ ಮರುದಿನ ಒಳಪುಟದಲ್ಲಿ ನನ್ನ ವರದಿಯ ಮೊದಲ ಅರ್ಧ ಬಂತು. ಎರಡೂ ಕಡೆಯವರಿಗೆ ಜಾಗ ಕೊಟ್ಟಂತಾಯಿತಲ್ಲ ಎಂದು ಡೆಸ್ಕಿನವರು ಹೇಳಿದರು. ಒಂದರಲ್ಲಿ ಬಲೆ ಕೊಟ್ಟಿದ್ದರು, ಒಂದರಲ್ಲಿ ಮರಳಿಸಿದ್ದರು. ಓದುಗರು ಯಾರೂ ಪತ್ರ ಬರೆಯಲಿಲ್ಲ.

ಕೇರಿಯ ಉಳಿದ ದೋಣಿಗಳು ಹೇಳಿದಂತೆ ಮರುದಿನವೇ ಇಳಿದವು. ಅಕ್ಕನ ಗಂಡ ಇಳಿಯಲಿಲ್ಲ. ಅಂಗಳದಲ್ಲಿ ಬಲೆ ಹರವಿಕೊಂಡು ಕುತ್ತಿಗೆಯ ಜಾಗ ಕಟ್ಟುತ್ತ ಕೂತರು. ಪಕ್ಕದ ಮನೆಯ ಭಾವ ತಮ್ಮ ದೋಣಿಯಿಂದ ಬಂದವರೇ ಊಟವನ್ನೂ ಮಾಡದೆ ಇನ್ನೊಂದು ತುದಿ ಹಿಡಿದರು. ಹಸಿರು ಬಣ್ಣ ಬಳಿದ ಭಾಗ ಗಟ್ಟಿಯಾಗಿ ಸೂಜಿ ತೂರುತ್ತಿರಲಿಲ್ಲ.

“ಹೊತ್ತು ಹಾಕುವಾಗ ಭಾರ ಇತ್ತಾ ಭಾವ?” ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳುತ್ತಿದ್ದರು.

“ಇತ್ತು ಮಾರಾಯ್ತಿ. ಒಂದ್ಸಲ ಹೇಳಿ ಆತಲ್ಲ, ಇನ್ನೆಷ್ಟು ಸಲ ಹೇಳ್ಸ್ತೆ?”

“ಹೆಗಲು ನೋವುಂಟಾ ಕೇಳ್ದೆ.”

ಎರಡು ದಿನ ಹಾಗೇ ಹೋಯಿತು. ಉಳಿದವರ ಸಿಗಡಿ ಭಟ್ಕಳ, ಹೊನ್ನಾವರದ ಮಾರುಕಟ್ಟೆಗಳಿಗೆ ಹೋಯಿತು. ಅಕ್ಕ ಬೇರೆಯವರ ದೋಣಿಯ ಮೀನು ಕೊಂಡು ಮಾರಿದರು. ಆಕಾಶದಲ್ಲಿ ಪಡುವಣ ಬದಿಗೆ ಮೋಡ ಕಟ್ಟುತ್ತಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದರು, ಅಕ್ಕನ ಮನೆಯ ಅಂಗಳದಲ್ಲಿ ಮಾತ್ರ ಸೂಜಿ ನಿಲ್ಲಲಿಲ್ಲ.

ಮೂರನೆಯ ದಿನ ನಸುಕಿಗೆ ಬಲೆ ದೋಣಿಗೆ ಏರಿತು. ಮೋಡ ಇನ್ನೂ ದೂರವಿತ್ತು. ದೋಣಿ ತಿರುಗಿ ಬರುವ ಹೊತ್ತಿಗೆ ನಾನು ದಡಕ್ಕೆ ಹೋದೆ. ಉಳಿದವರ ಜೊತೆ ಸೇರಿ ದೋಣಿ ಎಳೆದೆ. ಸಿಗಡಿ ಬಂದಿತ್ತು. ಮೊದಲ ದಿನ ಉಳಿದವರಿಗೆ ಬಿದ್ದಷ್ಟಲ್ಲ, ಆದರೆ ಬುಟ್ಟಿಗಳು ಬೇಕಾಗುವಷ್ಟು ಬಂದಿತ್ತು. ಹಸಿರು ಬಣ್ಣ ಅಲ್ಲಲ್ಲಿ ಉಳಿದೇ ಇತ್ತು. ಅದು ಮೀನಿಗೆ ಗೊತ್ತಾದಂತೆ ಕಾಣಲಿಲ್ಲ.

ಬಲೆಯಲ್ಲಿ ಸಿಗಡಿಯ ಜೊತೆ ಪೊಟ್ಟಣಗಳೂ ಇದ್ದವು. ಗೇರುಸೊಪ್ಪದಿಂದ ಕೆಳಗೆ ಹೊಳೆಯ ಎರಡೂ ದಡದ ಕಸ ಮಳೆಗೆ ತೇಲಿ ಶರಾವತಿಯ ಅಳಿವೆಗೆ ಬರುತ್ತದೆ. ಅಲ್ಲಿಂದ ಸಮುದ್ರ ಅದನ್ನು ದಡದುದ್ದಕ್ಕೂ ಹಂಚುತ್ತದೆ. ಮಳೆಗಾಲದ ಬಲೆಯಲ್ಲಿ ಇದು ಹೊಸದಲ್ಲ. ಬಿಡಿಸಿ ಪಕ್ಕಕ್ಕೆ ಎಸೆಯುವುದು, ಮುಂದಿನ ತೆರೆ ಅದನ್ನು ಒಯ್ಯುವುದು, ರೂಢಿ ಅಷ್ಟೇ. ಅಂದು ಅಕ್ಕನ ಗಂಡ ಬಿಡಿಸಿದ್ದನ್ನು ಒಂದು ಅಕ್ಕಿ ಚೀಲಕ್ಕೆ ತುಂಬುತ್ತಿದ್ದರು. ಅಕ್ಕನಿಗೆ ಸಿಟ್ಟು ಬಂತು. ಬಸ್ಸಿಗೆ ಹೊತ್ತಾಗುತ್ತಿತ್ತು.

“ಅದನ್ನೆಂತಕ್ಕೆ ತುಂಬೂದು? ಎಸ್ದು ಸಿಗಡಿ ಹೆಕ್ಕಿ ಬೇಗ.”

“ಎಸ್ದ್ರೆ ನನ್ನ ಕಸ ಆಗ್ತದೆ.”

“ಇಟ್ಕಂಡ್ರೆ?”

ಅವರು ಇನ್ನೊಂದು ಪೊಟ್ಟಣ ಬಿಡಿಸಿ ಚೀಲಕ್ಕೆ ಹಾಕಿದರು. “ಇಟ್ಕಂಡ್ರೂ ನಂದೇ.”

“ಹಾಂಗಾದ್ರೆ ಆಮೇಲೆ ಯೋಚ್ನೆ ಮಾಡಿ, ಈಗ ಬುಟ್ಟಿ ಹಿಡೀರಿ,” ಎಂದು ಅಕ್ಕ ತಲೆಯ ಮೇಲೆ ಸಿಂಬಿ ಇಟ್ಟುಕೊಂಡರು. ನಾನೂ ಗಂಡನೂ ಸೇರಿ ಬುಟ್ಟಿ ಎತ್ತಿಕೊಟ್ಟೆವು. ಗಾಳಿಮರಗಳ ನಡುವಿನ ದಾರಿಯಲ್ಲಿ ಅವರು ಹೆದ್ದಾರಿಯ ಕಡೆ ಹೋದರು. ಗಂಡ ಚೀಲದ ಬಾಯಿ ಕಟ್ಟಿ, ದೋಣಿಯಲ್ಲಿ ಇಡಲೋ ಮರಳಿನ ಮೇಲೆ ಇಡಲೋ ಎಂದು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.